ಮೂರು ಗಂಟಿನ ಹಗ್ಗದ ಮಾಸ್ತರರು

ಮೊರದ ತುಂಬ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದೆ. ಹತ್ತು ದಿನದ ಮೇಲೆ ಅವತ್ತು ಬೆಳಿಗ್ಗೆ ನಲ್ಲಿಗೆ ನೀರು ಬಂದಿತ್ತು. ಕೊಡ, ಹಂಡೆ, ಬ್ಯಾರಲ್ಲು ಎಲ್ಲ ತುಂಬಿದ್ದವು. ಅಷ್ಟಕ್ಕೇ ದೇವರಿಗೆ ಶುಕ್ರಿಯಾ ಹೇಳಿ ಕೂತವಳು ನಾನು. ಆಗ ಮಗಳು ಜೈತುನ ಫೋನು ಮಾಡಿದಳು. ಅವಳು ಬೆಳಗಿನ ಆಟಕ್ಕೆಂದು ಮೈದಾನಕ್ಕೆ ಹೋಗಿದ್ದಳು.

"ಅವ್ವಾ, ಮಾಸ್ತರು ತೀರಿಕೊಂಡ್ರಂತ. ನಸಕಿನ್ಯಾಗ ಎದಿನೋವು ಬಂತಂತ. ಅವರೂರು ಕುರ್ತಕೋಟಿಗಿ ಒಯ್ದಾರ. ಮಧ್ಯಾಹ್ನ ಮೂರಕ್ಕ ಮಣ್ಣು."

ನಮ್ಮ ಕಡೆ ಹೂಳುವುದಕ್ಕೆ ಮಣ್ಣು ಎನ್ನುತ್ತಾರೆ. ದಿನಾ ಕೇಳುವ ಮಾತೇ. ಆದರೂ ಅವತ್ತು ಕೈಯಲ್ಲಿದ್ದ ಜೋಳ ಕೈಯಲ್ಲೇ ಉಳಿಯಿತು. ಐದು ವರ್ಷದ ಹಿಂದೆ ಅದೇ ಮೈದಾನದಲ್ಲಿ, ನೂರು ಮಂದಿಯ ಎದುರಿಗೆ, ಆ ಮಾತನ್ನು ನಾನು ಅವರ ಮುಖದ ಮೇಲೆ ಅಂದಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಓಣಿಯವರೆಲ್ಲ ಆಟದ ಮಾಸ್ತರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ಊರೂರು ಶಾಲೆಯಲ್ಲಿ ಆಟ ಕಲಿಸಿ, ರಿಟೈರಾದ ಮೇಲೂ ಸುಮ್ಮನೆ ಕೂಡದೆ, ಗದಗಿನ ಬಯಲೊಂದರಲ್ಲಿ ಹೆಣ್ಣುಹುಡುಗರಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದರು. ಗಿಡ್ಡ ಮನುಷ್ಯ. ಬೆಳಿಗ್ಗೆ ಹಚ್ಚಿದ ವಿಭೂತಿ ಹತ್ತು ಗಂಟೆಯೊಳಗೆ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿರುತ್ತಿತ್ತು. ಟಿವಿಎಸ್ ಗಾಡಿಯ ಹಿಂದೆ ಬ್ಯಾಟುಗಳನ್ನು ಕಬ್ಬು ಕಟ್ಟಿದ ಹಾಗೆ ಕಟ್ಟಿಕೊಂಡು ಬರುತ್ತಿದ್ದರು.

ನಮ್ಮದು ಬೆಟಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಮುಂದಿನ ಪಡಸಾಲೆಯೇ ಅಂಗಡಿ. ನಮ್ಮ ಮನೆಯವರು ಹತ್ತಿ ಹಿಂಜುತ್ತಾರೆ, ನಾನು ಹೊಲಿಯುತ್ತೇನೆ. ಎಂಟು ವರ್ಷದ ಹಿಂದೆ ಮಾಸ್ತರು ಮೊದಲ ಸಲ ಬಂದದ್ದು ಗಿರಾಕಿಯಾಗಿ.

"ಸಣ್ಣ ಗಾದಿ ಮೂರು ಬೇಕಾಗ್ಯಾವ್ರಿ. ಒಂದೂಕಾಲು ಫೂಟು ಉದ್ದ, ಅಷ್ಟ ಅಗಲ."

ಕೈಯಲ್ಲಿ ಅಳತೆ ತೋರಿಸಿದರು. ಆ ಅಳತೆ ನೋಡಿ ನನ್ನ ಕಣ್ಣು ಅಟ್ಟದ ಕಡೆ ಹೋಯಿತು. ಯಾಕೆಂದು ಮುಂದೆ ಹೇಳುತ್ತೇನೆ.

"ಯಾರ ಕೂಸಿಗ್ರಿ?" ಎಂದು ಕೇಳಿದೆ.

"ಕೂಸಿಗಲ್ರಿ ಅಕ್ಕಾರ, ತುಳ್ಯಾಕ."

ಒಳಗಿದ್ದ ನಮ್ಮ ಅತ್ತೆ ದುಡುದುಡು ಹೊರಗೆ ಬಂದರು. "ಗಾದಿ ತುಳೀತಾರಂತ! ಗಾದಿ ತುಳದ್ರ ಮನಿ ಬರಕತ್ತು ಹೋಗತೈತ್ರಿ, ಮಾಸ್ತರ."

ಅವರು ನಕ್ಕು, ನೆಲದ ಮೇಲೆ ಕೂತು, ಬೆರಳಿನಿಂದ ಧೂಳಿನಲ್ಲಿ ಚೌಕ ಬರೆದು ತೋರಿಸಿದರು. ಮೂರು ಮೂಲೆಗೆ ಮೂರು ಗಾದಿ. ಚೆಂಡು ಹೊಡೆದ ಹುಡುಗಿ ಅವುಗಳನ್ನು ಒಂದೊಂದಾಗಿ ಮೆಟ್ಟಿ, ಹೊರಟ ಜಾಗಕ್ಕೇ ತಿರುಗಿ ಬರಬೇಕು. ಆ ಜಾಗಕ್ಕೆ ಮನೆ ಎನ್ನುತ್ತಾರಂತೆ.

"ಮನಿಂದ ಮನಿಗಿ ಬರಾಕ ಅಷ್ಟು ಓಡಬೇಕೇನು?" ಎಂದರು ಅತ್ತೆ.

"ನೀವೂ ಜೀವಮಾನ ಅದನ್ನ ಮಾಡೀರಲ್ರೀ ಆಯಿ. ತವರಮನಿ, ಗಂಡನ ಮನಿ, ಬೀಗರ ಮನಿ, ಮತ್ತ ತಿರುಗಿ ಇದ ಒಲಿ ಮುಂದ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅವತ್ತು ನಾನು ನೀರು ತರಲು ಒಳಗೆ ಹೋಗಿ ಬರುವುದರೊಳಗೆ, ನನ್ನ ಮಗಳು ಕೆಳಗಿನಿಂದ ಅಟ್ಟದ ಮೇಲಕ್ಕೆ ಹತ್ತಿಯ ಪಿಂಡಿ ಎಸೆಯುವುದನ್ನು ಮಾಸ್ತರು ನೋಡಿಬಿಟ್ಟಿದ್ದರು. ತೊಡೆಯ ಪಕ್ಕದಿಂದ ತೋಳು ಬೀಸಿ, ಒಂದರ ಹಿಂದೆ ಒಂದು, ಒಂದೇ ಮೂಲೆಗೆ. ಸಾಫ್ಟ್‌ಬಾಲಿನಲ್ಲಿ ಚೆಂಡು ಹಾಕುವುದೂ ಹಾಗೇ, ಕೆಳಗಿನಿಂದ ಮೇಲೆ. "ಈಕಿಗಿ ಯಾರು ಕಲಿಸ್ಯಾರ್ರಿ?" ಎಂದರು. "ಅಟ್ಟ ಎತ್ತರ ಐತ್ರಿ," ಎಂದಳು ಜೈತುನ. ಆಗ ಅವಳು ಹತ್ತರವಳು.

ಅವಳನ್ನು ಕಳಿಸಲು ಮಾವ ಒಪ್ಪಿದ್ದೇ ಒಂದು ಪವಾಡ. ಸಂಜೆಯ ಆಜಾನ್ ಆಗುವ ಮೊದಲು ಹುಡುಗಿ ಮನೆಯಲ್ಲಿರಬೇಕು ಎಂದು ಶರತ್ತು ಹಾಕಿದ್ದರು. ಮಾಸ್ತರು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. "ಜೈತುನಳ ಆಜಾನ್ ಆಗೂ ಹೊತ್ತಾತು, ಸಾಮಾನು ಎತ್ರಿ ಎಲ್ಲಾರೂ" ಎನ್ನುತ್ತಿದ್ದರಂತೆ. ಅದರಿಂದ ಉಳಿದ ಹುಡುಗಿಯರಿಗೂ ಬೆಳಕಿರುವಾಗಲೇ ಮನೆ ಸೇರುವುದಾಯಿತು.

ಅವರ ಬಳಿ ಪುಂಡಿ ನಾರಿನ ಒಂದು ಹಗ್ಗ ಇತ್ತು. ಅದಕ್ಕೆ ಮೂರು ಗಂಟು. ಹಗ್ಗದ ಒಂದು ತುದಿಯನ್ನು ಆ ಮನೆಯೆಂಬ ಜಾಗದಲ್ಲಿ ಗೂಟಕ್ಕೆ ಕಟ್ಟಿ ಎಳೆದರೆ, ಮೊದಲ ಗಂಟು ಬಿದ್ದಲ್ಲಿಂದ ಹದಿನಾಲ್ಕರೊಳಗಿನವರು ಚೆಂಡು ಹಾಕಬೇಕು. ಎರಡನೆಯ ಗಂಟು ಹದಿನೇಳರೊಳಗಿನವರಿಗೆ, ಮೂರನೆಯದು ಹತ್ತೊಂಬತ್ತರೊಳಗಿನವರಿಗೆ. ಸಣ್ಣವರಿಗೆ ಚೆಂಡೂ ಸಣ್ಣದು. ಹೊಸ ಹುಡುಗಿ ಬಂದರೆ ಅವಳ ಕೈಗೆ ದೊಡ್ಡ ಚೆಂಡು ಕೊಟ್ಟು, ಬೆರಳು ಎಲ್ಲಿಯವರೆಗೆ ಸುತ್ತಿತು ಎಂದು ನೋಡುತ್ತಿದ್ದರು. ಆಮೇಲೆ ವಯಸ್ಸಿನ ಕಾಗದ ಕೇಳುತ್ತಿದ್ದರು. ಎರಡೂ ಹೊಂದಬೇಕು. ಹೊಂದದಿದ್ದರೆ ಅವ್ವನನ್ನೋ ಅಪ್ಪನನ್ನೋ ಕರೆಸುತ್ತಿದ್ದರು.

ಮಗಳು ಆಯ್ಕೆಯಾಗಲಿ ಎಂದು ವಯಸ್ಸು ಇಳಿಸಿಕೊಂಡು ಬರುವವರೇ ಹೆಚ್ಚು. ಅಂಥವರಿಗೆ ಒಂದು ಮಾತು ಕಾದಿರುತ್ತಿತ್ತು. "ಇದು ಬಸ್ಸಿನ ಸೀಟಲ್ರಿ, ಕಿಡಕ್ಯಾಗಿಂದ ಟಾವೆಲ್ ಒಗದು ಹಿಡ್ಯಾಕ. ಆ ಸೀಟಿನ್ಯಾಗ ಒಂದು ಸಣ್ಣ ಕೂಸು ಕುಂಡ್ರೂದೈತಿ, ನೆಪ್ಪಿರಲಿ."

ಶಿರಹಟ್ಟಿಯ ಕಡೆಯ ಒಂದು ಮಾತು ಓಣಿಯಲ್ಲೆಲ್ಲ ಹಬ್ಬಿತ್ತು. ಹಳೆಯ ಪರಿಚಯದವರು ಮದುವೆಯ ಕಾರ್ಡು ಕೊಡಲು ಬಂದಿದ್ದರಂತೆ. ಮಾಸ್ತರು ಕಾರ್ಡು ಓದಿ, "ಮದುಮಗಳು ಯಾವ ಡಿವಿಜನ್ ರೀ?" ಎಂದರಂತೆ. ಅವರು ನಕ್ಕರಂತೆ. ಮಾಸ್ತರು ನಗಲಿಲ್ಲ. "ನನ್ನ ಕಡೆ ಆಡ್ಯಾಳ್ರಿ ಆಕಿ. ಈ ವರ್ಷ ಇನ್ನೂ ಹದಿನೇಳರ ಒಳಗಿನ ಟೀಮಿನ್ಯಾಗ ಅದಾಳ. ಎರಡನೇ ಗಂಟಿನ ಹುಡುಗಿನ್ನ ಎಲ್ಲಿ ನಿಂದರ್ಸಾಕ ಹೊಂಟೀರಿ?" ಎಂದು ಕಾರ್ಡನ್ನು ತಿರುಗಿ ಕೊಟ್ಟರಂತೆ. ಎರಡು ವರ್ಷ ಅವರಿಗೂ ಇವರಿಗೂ ಮಾತಿರಲಿಲ್ಲ. ಎರಡು ವರ್ಷದ ಮೇಲೆ ಅದೇ ಹುಡುಗಿ, ಅದೇ ವರ, ಹೊಸ ಕಾರ್ಡು. ಆಗ ಮಾಸ್ತರು ಹೋಗಿ ಹೋಳಿಗೆ ಉಂಡು ಬಂದರು.

ಇಷ್ಟೆಲ್ಲ ಕೇಳಿ ನಾನೂ ನಕ್ಕವಳೇ. ವಯಸ್ಸಿನ ಮಾತು ನನ್ನ ಹೊಸ್ತಿಲಿಗೂ ಬರುತ್ತದೆ ಎಂದು ಗೊತ್ತಿರಲಿಲ್ಲ.

ಜೈತುನ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಜಿಲ್ಲೆಯ ಹದಿನಾಲ್ಕರೊಳಗಿನ ತಂಡದ ಆಯ್ಕೆಗೆ ದಿನ ಗೊತ್ತಾಯಿತು. ಚೆಂಡು ಹಾಕುವುದರಲ್ಲಿ ಅವಳನ್ನು ಬಿಟ್ಟರೆ ಇಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಅವಳು ತಲೆದಿಂಬಿನ ಕೆಳಗೆ ಚೆಂಡು ಇಟ್ಟುಕೊಂಡು ಮಲಗುತ್ತಿದ್ದಳು. ಆಯ್ಕೆಗೆ ಒಂದು ತಿಂಗಳಿರುವಾಗ ಮಾಸ್ತರು ಅರ್ಜಿ ತುಂಬಲು ಮನೆಗೆ ಬಂದರು. ಮಾವ ಪೆಟ್ಟಿಗೆಯಿಂದ ಜನನ ಪತ್ರ ತೆಗೆದುಕೊಟ್ಟರು. ಮಾಸ್ತರು ಓದಿದರು. ಜೈತುನಳ ಕೈ ನೋಡಿದರು. ಮತ್ತೆ ಓದಿದರು.

"ಈಕಿ ಹದಿನಾಲ್ಕು ದಾಟ್ಯಾಳ ಅಂತೈತ್ರಿ ಕಾಗದ. ಕೈ ಹಂಗ ಅನ್ನವಲ್ದು."

ಅತ್ತೆ ಕೆಮ್ಮಿದರು. ಹಿಂಜುವ ಮಷಿನ್ನನ್ನು ನಮ್ಮ ಮನೆಯವರು ನಿಲ್ಲಿಸಿಬಿಟ್ಟರು.

"ಅಕ್ಕಾರ, ಹಡದಾಕಿ ನೀವು. ಕಾಗದ ಖರೆ ಏನ್ರಿ?"

ಮಾವ ನನ್ನ ಕಡೆ ನೋಡಿದರು. "ಖರೆ ಐತ್ರಿ," ಎಂದೆ ನಾನು. ಐದು ಹೊತ್ತು ನಮಾಜು ಮಾಡುವ ಬಾಯಿ, ಅಷ್ಟು ಸಲೀಸಾಗಿ ಸುಳ್ಳು ಹೇಳಿತು. ಮಾಸ್ತರು ಅರ್ಜಿಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. "ಹಂಗಾರ ಮೊದಲನೇ ಗಂಟು ಆಕಿದಲ್ರಿ," ಎಂದು ಎದ್ದರು. ಜೈತುನ ಬಾಗಿಲ ಚೌಕಟ್ಟು ಹಿಡಿದು ನಿಂತವಳು ಅಳಲೂ ಇಲ್ಲ, ಅಲುಗಲೂ ಇಲ್ಲ.

ಖರೆ ಸಂಗತಿ ಇದು. ಜೈತುನಳಿಗಿಂತ ಮೊದಲು ನನಗೊಂದು ಹೆಣ್ಣು ಹುಟ್ಟಿತ್ತು, ಗದಗಿನ ಆಸ್ಪತ್ರೆಯಲ್ಲಿ. ಅತ್ತೆಯ ಅತ್ತೆಯ ಹೆಸರೆಂದು ಅದಕ್ಕೂ ಜೈತುನ ಎಂದೇ ಇಟ್ಟಿದ್ದರು. ಆಸ್ಪತ್ರೆಯ ಕಾಗದದಿಂದ ಜನನ ಪತ್ರವೂ ಬಂತು. ಐದು ತಿಂಗಳಿಗೆ ಜ್ವರ ಬಂದು ಕೂಸು ಹೋಯಿತು. ಆ ಸಾವನ್ನು ಯಾರೂ ಎಲ್ಲಿಯೂ ಬರೆಸಲಿಲ್ಲ. ಹುಟ್ಟಿದ್ದನ್ನು ಬರೆಸಬೇಕೆಂದು ಜನಕ್ಕೆ ಗೊತ್ತಿತ್ತು, ಐದು ತಿಂಗಳ ಕೂಸು ಸತ್ತದ್ದನ್ನು ಬರೆಸಬೇಕೆಂದು ಯಾರಿಗೆ ಹೊಳೆಯಬೇಕು? ಮೊದಲನೆಯದು ಹುಟ್ಟಿದ ಒಂದೂವರೆ ವರ್ಷಕ್ಕೆ ನನ್ನ ತವರು ಡೋಣಿಯಲ್ಲಿ ಇವಳು ಹುಟ್ಟಿದಳು. ಗಾಡಿ ಬರುವುದರೊಳಗೆ ಮನೆಯಲ್ಲೇ ಹೆರಿಗೆಯಾಯಿತು. ಹೋದವಳೇ ಬಂದಳು ಎಂದು ಅದೇ ಹೆಸರಿಟ್ಟರು. ಶಾಲೆಗೆ ಹಾಕುವಾಗ ಜನನ ಪತ್ರ ಕೇಳಿದರು. ಮಾವ ಪೆಟ್ಟಿಗೆಯಲ್ಲಿದ್ದದ್ದನ್ನೇ ಒಯ್ದು ಕೊಟ್ಟರು. "ಹೆಸರು ಒಂದ, ಅಪ್ಪ ಅವ್ವ ಒಂದ. ಮತ್ತ ಯಾಕ ಕಚೇರಿ ತಿರಗಾಡೂದು? ಒಂದು ವರ್ಷ ಮುಂಚೇನ ಶಾಲಿಗಿ ಹೋಗ್ತಾಳ, ಹೋಗಲಿ," ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಹೀಗೆ ನನ್ನ ಇರುವ ಮಗಳು, ಇಲ್ಲದ ಮಗಳ ವಯಸ್ಸು ಹೊತ್ತುಕೊಂಡು ಬೆಳೆದಳು. ಅಕ್ಕ ಒಬ್ಬಳಿದ್ದಳು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮಾಸ್ತರಿಗೆ ಖರೆ ಹೇಳಿದ್ದರೆ ಅದೂ ಹೊರಬೀಳುತ್ತಿತ್ತು, ಶಾಲೆಗೆ ಕೊಟ್ಟ ಕಾಗದವೂ ಸುಳ್ಳಾಗುತ್ತಿತ್ತು.

ನಿಜ ವಯಸ್ಸಿನ ಪ್ರಕಾರ ಹದಿನಾಲ್ಕರೊಳಗೆ ಆಡಲು ಅವಳಿಗೆ ಉಳಿದಿದ್ದದ್ದು ಅದೊಂದೇ ವರ್ಷ.

ಮರುದಿನ ನಸುಕಿನ ನಮಾಜಿಗೆ ಕೂತರೆ, ಹಣೆ ನೆಲಕ್ಕಿಟ್ಟ ಸಜ್ದಾದಿಂದ ತಲೆ ಎತ್ತಲು ಆಗಲಿಲ್ಲ. ಬೆಳಕಾದ ಮೇಲೆ ಸಂದೂಕದ ತಳದಿಂದ ತಾಯಿ ಕಾರ್ಡು ತೆಗೆದೆ. ಬಸುರಿಯಿದ್ದಾಗ ಸರಕಾರದಿಂದ ಕೊಡುವ ಕಾರ್ಡು ಅದು. ಇವಳು ಹುಟ್ಟಿದ ದಿನ, ಹಾಕಿಸಿದ ಲಸಿಕೆ, ಎಲ್ಲ ಡೋಣಿಯ ನರ್ಸಮ್ಮ ಬರೆದಿದ್ದಳು. ಕಾರ್ಡನ್ನು ಬುರ್ಖಾದೊಳಗೆ ಇಟ್ಟುಕೊಂಡು ಮೈದಾನಕ್ಕೆ ಹೋದೆ. ಮಾಸ್ತರು ಒಬ್ಬರೇ ಸುಣ್ಣದ ಗೆರೆ ಎಳೆಯುತ್ತಿದ್ದರು.

"ಸರ್ರ, ನಿನ್ನೆ ನಾ ಸುಳ್ಳು ಹೇಳಿದೆ."

ಎಲ್ಲ ಹೇಳಿದೆ. ಅವರು ಸುಣ್ಣದ ಡಬ್ಬಿ ಕೆಳಗಿಟ್ಟು ಕೇಳಿಸಿಕೊಂಡರು. ಬೈಯುತ್ತಾರೆ, ಇಲ್ಲವೇ ಅಯ್ಯೋ ಎನ್ನುತ್ತಾರೆ ಎಂದುಕೊಂಡಿದ್ದೆ.

"ಐದು ತಿಂಗಳದಾಕಿ ಅಂದ್ರಿ. ನಗತಿದ್ಲೇನ್ರಿ?" ಎಂದು ಕೇಳಿದರು.

ಹದಿನಾಲ್ಕು ವರ್ಷ ಆಗಿತ್ತು. ಆ ಕೂಸಿನ ಬಗ್ಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

"ಹೌದ್ರಿ. ಹತ್ತಿ ಹಾರಿದ್ರ ನಗತಿದ್ಲು."

ಅವರು ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡು ಕಾರ್ಡು ಇಸಕೊಂಡರು. ಆಮೇಲೆ ಕೆಲಸದ ಮಾತಿಗೆ ಬಂದರು. ಎರಡು ಕಾಗದ ಆಗಬೇಕು. ದೊಡ್ಡವಳು ತೀರಿದಳು ಎಂದು ಒಂದು, ಸಣ್ಣವಳು ಹುಟ್ಟಿದಳು ಎಂದು ಒಂದು. ಇಷ್ಟು ವರ್ಷ ತಡವಾದ್ದರಿಂದ ದೊಡ್ಡ ಕಚೇರಿಯ ಆದೇಶ ಬೇಕು. ಒಂದು ತಿಂಗಳಲ್ಲಿ ಆದರೂ ಆಯಿತು, ಆಗದಿದ್ದರೂ ಇಲ್ಲ.

ಮನೆಯಲ್ಲಿ ನಾನು ಬಾಯಿ ಬಿಟ್ಟದ್ದೇ ತಡ, ಅತ್ತೆ ಎದೆ ಬಡಿದುಕೊಂಡರು. "ಇರೂ ಕೂಸಿನ ಹೆಸರಲೆ ಸಾವಿನ ಕಾಗದ ತಗೀತೀಯೇನವ್ವಾ? ಜೈತುನ ಸತ್ತಾಳ ಅಂತ ಸರಕಾರದಾಗ ಬರಸ್ತೀಯೇನ? ದೇವರು ಮ್ಯಾಲಿಂದ ಓದೂದಿಲ್ಲೇನು ಅದನ್ನ?"

ನನಗೂ ಅದೇ ಭಯ. ಆ ಹೆಸರು, ಆ ಶಬ್ದ, ಒಂದೇ ಹಾಳೆಯ ಮೇಲೆ. ನಮ್ಮ ಮನೆಯವರು ಬೇರೆ ದಾರಿ ಹೇಳಿದರು. ಹಳೆಯ ಪತ್ರದಲ್ಲೇ ವರ್ಷ ತಿದ್ದಿಕೊಡುವವನೊಬ್ಬ ಇದ್ದಾನಂತೆ, ಎರಡು ದಿನದ ಕೆಲಸ. ತಿದ್ದಿದರೂ ನಿಜದ ವರ್ಷವೇ ಬರುತ್ತದಲ್ಲ, ಪಾಪ ಏನು ಎಂದರು. ನನಗೂ ಹೌದಲ್ಲ ಎನ್ನಿಸಿತು. ಮಾಸ್ತರಿಗೆ ಹೇಳಿದಾಗ ಅವರು ನಮ್ಮ ಅಂಗಡಿಯ ಹರಿದ ಗಾದಿಯೊಂದನ್ನು ತೋರಿಸಿದರು.

"ಇದಕ್ಕ ಮ್ಯಾಲಿಂದ ತ್ಯಾಪಿ ಹಚ್ಚತೀರೇನು, ಒಳಗಿನ ಗಂಟುಗಟ್ಟಿದ ಹತ್ತಿ ತಗದು ಹಿಂಜತೀರೇನು? ನಿಮ್ಮ ಕೆಲಸ ನಿಮಗ ನಾ ಹೇಳಬೇಕೇನ್ರಿ? ಆ ದೊಡ್ಡಾಕಿ ಹುಟ್ಟಿದ ದಿನಾನ ಒರಸಿಬಿಟ್ರ, ಆಕಿಗಿ ಅಂತ ಮತ್ತೇನು ಉಳೀತು?"

ನಮ್ಮ ಮನೆಯವರು ಮರುದಿನವೇ ಎರಡೂ ಅರ್ಜಿ ಹಾಕಲು ಡೋಣಿಗೆ ಹೋದರು.

ಮಗಳಿಗೆ ನಾನೇ ಹೇಳಿದೆ, ರೊಟ್ಟಿ ಬಡಿಯುತ್ತ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು, "ಹಂಗಾರ ಇಷ್ಟು ದಿನ ಶಾಲ್ಯಾಗ ಹಾಜರಿ ಕರೆದಾಗ ಆಕಿ ಹೆಸರಿಗಿ ನಾ ಎಸ್ ಸರ್ ಅಂದೆ ಏನವ್ವಾ?" ಆ ರೊಟ್ಟಿ ಸೀದು ಹೋಯಿತು.

ಆಯ್ಕೆಯ ದಿನ ಬಂತು, ಆದೇಶ ಬರಲಿಲ್ಲ. ಡೋಣಿ ಮುಂಡರಗಿ ತಾಲೂಕಿನದು, ಅರ್ಜಿ ಅಲ್ಲಿನ ಕಚೇರಿಯಲ್ಲೇ ಕೂತಿತ್ತು. ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಹುಡುಗಿಯರ ಗಾಡಿ ಬಂದವು. ನಾನೂ ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ಲಕ್ಷ್ಮೇಶ್ವರದ ತಂಡದ ಜೊತೆ ಬಂದವರೊಬ್ಬರು, ಎಲ್ಲ ಕೇಳಿ, "ಆಡಸ್ರಿ ಸರ, ನಮ್ಮದೇನು ತಕರಾರಿಲ್ಲ. ಕೂಸಿನ ಮಾರಿ ನೋಡಿದ್ರ ಗೊತ್ತಾಗತೈತಿ," ಎಂದರು. ನನ್ನ ಜೀವ ಹಗುರಾಯಿತು. ಮಾಸ್ತರು ತಲೆ ಅಲ್ಲಾಡಿಸಿದರು.

"ನಾಳಿ ಇನ್ನೊಬ್ಬಾಂವ ಬಂದು ಮಾರಿ ತೋರಸ್ತಾನ್ರಿ. ಅವಂಗೇನು ಹೇಳ್ಲಿ?"

ಜೈತುನ ಅವರ ಕಾಲ ಬಳಿ ಕೂತುಬಿಟ್ಟಳು. ಆಡಲೇಬೇಕು ಎಂದು ಹಟ ಹಿಡಿದು ಅತ್ತಳು. ಅವತ್ತೇ ಹದಿನೇಳರೊಳಗಿನವರ ಆಯ್ಕೆಯೂ ಇತ್ತು, ಕಾಗದದ ಪ್ರಕಾರ ಅದರಲ್ಲಿ ಆಡಬಹುದಲ್ಲ, ಅಲ್ಲಾದರೂ ಆಡಿಸಿರಿ ಎಂದಳು. ಮಾಸ್ತರು ಕೊನೆಗೆ ಹಗ್ಗ ಎಳೆದು, ಎರಡನೆಯ ಗಂಟಿನ ಮೇಲೆ ಅವಳನ್ನು ನಿಲ್ಲಿಸಿದರು. ದೊಡ್ಡ ಚೆಂಡು ಕೈಗೆ ಕೊಟ್ಟರು. ಅದು ಅವಳ ಬೆರಳೊಳಗೆ ಕೂರಲೇ ಇಲ್ಲ.

ಎದುರಿಗೆ ಮುಂಡರಗಿಯ ಹುಡುಗಿ. ಹದಿನಾರು ದಾಟಿದವಳು, ಇವಳಿಗಿಂತ ಒಂದು ಮೊಳ ಎತ್ತರ. ಜೈತುನ ಹಾಕಿದ ಮೂರು ಚೆಂಡು ದಿಕ್ಕು ತಪ್ಪಿದವು. ನಾಲ್ಕನೆಯದು ಸರಿಯಾಗಿ ಹೋಯಿತು. ಆ ಹುಡುಗಿ ಬ್ಯಾಟು ಬೀಸಿದ್ದು ಕಂಡಿತು, ಚೆಂಡು ಕಾಣಲಿಲ್ಲ. ಕಂಡದ್ದು ನನ್ನ ಮಗಳು ಮಣ್ಣಿಗೆ ಬಿದ್ದದ್ದು.

ಆ ಗಳಿಗೆಯಲ್ಲಿ ನನಗೆ ಕಣ್ಣ ಮುಂದೆ ಬಂದದ್ದು ಆ ಅರ್ಜಿ. ಜೈತುನ, ಮರಣ. ನಾವೇ ಬರೆದು ಕೊಟ್ಟು ಬಂದಿದ್ದೇವೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ, ಗೆರೆ ದಾಟಿ ಓಡಿದೆ. ಮಾಸ್ತರು ಅವಳ ಬಳಿ ಮೊಳಕಾಲೂರಿ ಕೂತಿದ್ದರು. ಅವರ ಅಂಗಿ ಹಿಡಿದು ಎಳೆದೆ.

"ನಿಮ್ಮ ಕಾಗದಕ್ಕ ನನ್ನ ಮಗಳ್ನ ಕೊಂದ್ರಿ! ನಿಮ್ಮ ಬಾಯಾಗ ಮಣ್ಣು ಬೀಳಲಿ!"

ಅವರು ನನ್ನ ಕಡೆ ತಿರುಗಲಿಲ್ಲ. ಅಂಗಿ ಬಿಡಿಸಿಕೊಳ್ಳಲೂ ಇಲ್ಲ. ಚೆಂಡು ಅವಳ ಭುಜಕ್ಕೆ ಬಡಿದು, ಕೆನ್ನೆ ಸವರಿಕೊಂಡು ಹೋಗಿತ್ತು. ಅವಳು ಕಣ್ಣು ತೆರೆದಳು. ಮಾಸ್ತರು ಬೆರಳು ತೋರಿಸಿದರು.

"ಎಷ್ಟವ್ವಾ?"

"ಮೂರು."

"ನಿನ್ನ ಹೆಸರೇನು?"

"ಜೈತುನ."

ಅವರು ಇನ್ನೂ ಬಾಗಿ ಕೇಳಿದರು. "ಯಾವ ಜೈತುನ?"

ಅವಳು ಬಾಯೊಳಗಿನ ಧೂಳು ಉಗುಳಿದಳು. "ಸಣ್ಣಾಕಿ ರೀ ಸರ. ದೊಡ್ಡಾಕಿ ಬ್ಯಾರೆ."

ಮಾಸ್ತರು ಎರಡೂ ಕೈಯಿಂದ ತಮ್ಮ ಮುಖ ಮುಚ್ಚಿಕೊಂಡರು. ಆಮೇಲೆ ಅವಳನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಎಲುಬು ಮುರಿದಿರಲಿಲ್ಲ. ಕಣ್ಣು ಉಳಿಯಿತು, ಕೆನ್ನೆ ಎಂಟು ದಿನ ಬಾತಿತ್ತು ಅಷ್ಟೇ. ಎರಡು ಬೆರಳು ಆಚೆ ಬಿದ್ದಿದ್ದರೆ ಏನಾಗುತ್ತಿತ್ತೋ. ಆ ಎರಡು ಬೆರಳಿಗೆ ನಾನು ಇವತ್ತಿಗೂ ದೇವರಿಗೆ ಶುಕ್ರಿಯಾ ಹೇಳುತ್ತೇನೆ.

ಅವಳು ಯಾವ ತಂಡಕ್ಕೂ ಆಯ್ಕೆಯಾಗಲಿಲ್ಲ. ಹನ್ನೊಂದು ದಿನದ ಮೇಲೆ ಆದೇಶ ಬಂತು. ಆಮೇಲೆ ಎರಡು ಹಾಳೆ ಬಂದವು. ಒಂದರಲ್ಲಿ ಹುಟ್ಟು, ಒಂದರಲ್ಲಿ ಸಾವು. ಹೆದರುತ್ತಲೇ ಓದಿದೆ. ಓದಿದರೆ ಹೆದರಿಕೆಯಾಗಲಿಲ್ಲ. ಗೋರಿಯ ಮೇಲೆ ಕಲ್ಲೂ ಇಲ್ಲದ ಕೂಸು. ಇಂಥ ದಿನ ಬಂದಿದ್ದಳು, ಇಂಥ ದಿನ ಹೋದಳು ಎಂದು ಮೊದಲ ಸಲ ಯಾರೋ ಬರೆದಿದ್ದರು. ಅತ್ತೆಗೆ ಓದಿ ಹೇಳಿದೆ. ಅವರು ಆ ಹಾಳೆ ಇಸಕೊಂಡು ಕಣ್ಣಿಗೆ ಒತ್ತಿಕೊಂಡರು.

ಆಗ ನಮ್ಮ ಮನೆಯವರು ಒಂದು ಮಾತು ಹೇಳಿದರು. ಆಯ್ಕೆಗೆ ಮೊದಲು ಎರಡು ದಿನ ಮಾಸ್ತರು ಮುಂಡರಗಿಯ ಕಚೇರಿಯ ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿದ್ದರಂತೆ, ಕೂಸಿನ ಆಟ ಐತ್ರಿ ಎಂದು ಒಳಗೆ ಹೋದವರಿಗೆಲ್ಲ ಕೈ ಮುಗಿಯುತ್ತ. ನನಗೆ ಹೇಳಬೇಡ ಎಂದಿದ್ದರಂತೆ. ಆಸೆ ಹಚ್ಚಿದಂತಾಗುತ್ತದೆ ಎಂದು.

ಮಾಫಿ ಕೇಳಬೇಕಿತ್ತು. ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಮೈದಾನದ ಮೂರು ಗಾದಿ ಹರಿದಿವೆ ಎಂದು ಜೈತುನ ಹೇಳಿದ್ದಳು, ತರಿಸಿಕೊಂಡೆ. ಹಳೆಯ ಹತ್ತಿ ತೆಗೆದು, ಹೊಸ ಜಮಖಾನೆ ಅರಿವೆ ಹಾಕಿದೆ. ಎರಡನೆಯ ಗಾದಿ ತುಂಬುವಾಗ ಅಟ್ಟಕ್ಕೆ ಹತ್ತಿದೆ. ಅಲ್ಲಿ ಒಂದು ಸಣ್ಣ ಗಾದಿ ಇತ್ತು, ಒಂದೂಕಾಲು ಫೂಟಿನದು. ದೊಡ್ಡವಳದು. ಕೊಟ್ಟುಬಿಡು ಎಂದು ಎಲ್ಲರೂ ಅಂದಾಗ ಕೊಟ್ಟೆ ಎಂದು ಹೇಳಿ ಅಡಗಿಸಿಟ್ಟಿದ್ದೆ. ಅದನ್ನು ಬಿಚ್ಚಿ, ಹತ್ತಿಯನ್ನು ಕೈಯಿಂದಲೇ ಹಿಂಜಿ, ಆ ಎರಡನೆಯ ಗಾದಿಗೆ ತುಂಬಿ ಹೊಲಿದೆ.

ಮಾಸ್ತರು ಗಾದಿ ಒತ್ತಿ ನೋಡುತ್ತಿದ್ದಾಗ ಹೇಳಿದೆ, "ಸರ್ರ, ಅವತ್ತು ನಾ ಅಂದದ್ದು... ಮಾಫ್ ಮಾಡ್ರಿ."

"ಬಾಯಾಗ ಮಣ್ಣು ಅಂದದ್ದೇನ್ರಿ? ನಾ ಗ್ರೌಂಡಿನ್ಯಾಗ ಇರಾಂವ ಅಕ್ಕಾರ. ದಿನಾ ಒಂದು ಬೊಗಸಿ ಬೀಳತೈತಿ, ಉಗುಳತೇನಿ." ನಕ್ಕರು. ಆಮೇಲೆ ನಗು ನಿಂತಿತು. "ಮಾಫಿ ನಾ ಕೇಳಬೇಕು. ಕಾಗದಕ್ಕಾಗಿ ನಿಲ್ಲಿಸಿದ್ದು ತಪ್ಪಲ್ರಿ. ಆಕಿ ಅಳತಾಳಂತ ದೊಡ್ಡವರೊಳಗ ಬಿಟ್ಟೆ ನೋಡ್ರಿ, ಅದು ತಪ್ಪು. ನನ್ನ ಕೈಯಾಗ ಹಗ್ಗ ಇತ್ತು. ಗಂಟು ಹಾಕಿದಾಂವ ನಾನ. ಎಲ್ಲಾರಿಗೂ ಹೇಳಾಂವ, ನಾನ ಮರತೆ."

ಎರಡನೆಯ ಗಾದಿಯಲ್ಲಿ ಏನಿದೆ ಎಂದು ಅವರಿಗೊಬ್ಬರಿಗೇ ಹೇಳಿದೆ. ತುಳಿಯುವ ಗಾದಿಗೆ ಹಾಕಿದಿರಲ್ಲ ಎಂದು ಅವರು ಕೇಳಲಿಲ್ಲ. ಅದನ್ನು ಎದೆಗವಚಿಕೊಂಡು ಮೈದಾನದ ನಡುವೆ ಒಯ್ದರು. ಅವತ್ತಿನಿಂದ ಎರಡನೆಯ ಗಾದಿಗೆ ಅವರ ಬಾಯಲ್ಲಿ ದೊಡ್ಡಾಕಿ ಎಂದೇ ಹೆಸರಾಯಿತು. ಈಗ ಆಡಲು ಬರುವ ಸಣ್ಣ ಹುಡುಗಿಯರೂ ಯಾಕೆಂದು ಗೊತ್ತಿಲ್ಲದೆ ಕೂಗುತ್ತಾರೆ, "ಓಡಲೇ, ಓಡು! ದೊಡ್ಡಾಕಿನ್ನ ಮುಟ್ಟು! ಮುಟ್ಟಿ ನಿಂದರು, ಆಕಿ ಕಡೆ ಇದ್ರ ನಿನ್ನ ಯಾರೂ ಔಟ್ ಮಾಡಂಗಿಲ್ಲ!"

ಹೊಸ ಕಾಗದದ ಪ್ರಕಾರ ಹದಿನೇಳರೊಳಗೆ ಆಡಲು ಜೈತುನಳಿಗೆ ಹಳೆಯದಕ್ಕಿಂತ ಒಂದು ವರ್ಷ ಹೆಚ್ಚು ಸಿಕ್ಕಿತು. ಆ ಕೊನೆಯ ವರ್ಷ ಅವಳು ಜಿಲ್ಲೆಯ ತಂಡಕ್ಕೆ ಚೆಂಡು ಹಾಕಿದಳು, ಎರಡನೆಯ ಗಂಟಿನಿಂದ, ಅವಳದೇ ವಯಸ್ಸಿನಲ್ಲಿ. ಕೈಯೂ ಅಷ್ಟೊತ್ತಿಗೆ ದೊಡ್ಡದಾಗಿತ್ತು. ಹದಿನಾಲ್ಕರೊಳಗಿನ ಆ ಒಂದು ವರ್ಷ ಮಾತ್ರ ತಿರುಗಿ ಬರಲಿಲ್ಲ. ಅದನ್ನು ನೆನೆದು ಅವಳು ಈಗಲೂ ಒಮ್ಮೊಮ್ಮೆ ಸುಮ್ಮನಾಗುತ್ತಾಳೆ.

ಮಾಸ್ತರು ಹೋದ ಅವತ್ತು ಫೋನಿನಲ್ಲಿ ಅವಳ ಬಿಕ್ಕು ಕೇಳುತ್ತಿತ್ತು.

"ಅವ್ವಾ, ನಾನೂ ಅಪ್ಪಾನೂ ಕುರ್ತಕೋಟಿಗಿ ಹೋಗ್ತೇವಿ. ಒಂದು ಹಿಡಿ ಮಣ್ಣು ಹಾಕಿ ಬರ್ತೇನಿ."

"ಹಾಕು. ನನ್ನ ಹೆಸರಲೆ ಒಂದು ಹಿಡಿ ಹಾಕು," ಎಂದೆ. ಸ್ವಲ್ಪ ತಡೆದು, "ಮೆತ್ತಗ ಹಾಕು," ಎಂದೆ.

"ಮತ್ತ ಅವ್ವಾ, ನಾಳಿ ಸಣ್ಣವರ ಆಯ್ಕಿ. ಮುಂದ ಹಾಕೂಣು ಅಂದ್ರ ಅವರ ಮನ್ಯಾಗಿನವರು ಒಪ್ಪಲಿಲ್ಲ. ಊರಿಗಿ ಹೋಗೂ ಮುಂದ ಮಾಸ್ತರ ಹಗ್ಗ ನನ್ನ ಕೈಯಾಗ ಕೊಟ್ಟು, ನೀನ ಎಳಿ ಅಂದ್ರು. ಗಾದಿ ಆಗ್ಯಾವೇನು?"

ಹೋದ ವಾರ ಮಾಸ್ತರೇ ತಂದು ಇಟ್ಟುಹೋಗಿದ್ದರು, ಹೊಲಿಗೆ ಬಿಟ್ಟಾವ್ರಿ ಅಕ್ಕಾರ ಎಂದು. ಎರಡು ಆಗಿದ್ದವು. ದೊಡ್ಡಾಕಿ ಮಾಳಿಗೆಯ ಮೇಲೆ ಬಿಸಿಲಿಗೆ ಬಾಯಿ ತೆರೆದುಕೊಂಡು ಬಿದ್ದಿದ್ದಳು.

"ಸಂಜಿಮುಂದ ಆಗಿರ್ತಾವು," ಎಂದೆ.

ಕೈಯಲ್ಲಿದ್ದ ಜೋಳ ಡಬ್ಬಿಗೆ ಸುರಿದು ಮಾಳಿಗೆ ಹತ್ತಿದೆ. ಹತ್ತಿ ಒಣಗಿ ಹಗುರಾಗಿತ್ತು. ಗಾಳಿಗೆ ಒಂದು ಎಳೆ ಎದ್ದು ಹಾರಿತು. ಹಿಡಿದು ಒಳಗೆ ತುರುಕಿದೆ. ಸೂಜಿಗೆ ದಾರ ಪೋಣಿಸಿಕೊಂಡು ನಾಲ್ಕನೆಯ ಮಗ್ಗುಲು ಹೊಲಿಯಲು ಕೂತೆ.